ಶಾಲಿನೊಳಗಿನ ಅಕ್ಷತೆ ಬಟ್ಟಲು

ನಮ್ಮ ಮನೆಯಲ್ಲಿ ಕೆಲಸಗಳ ಹಂಚಿಕೆ ಬಹಳ ಹಿಂದೆಯೇ ಆಗಿಹೋಗಿದೆ. ಅಡುಗೆ, ನೆಂಟರು, ಹಬ್ಬ, ಮಕ್ಕಳ ಜ್ವರ ಇವೆಲ್ಲ ಹೆಂಡತಿಯ ಪಾಲು. ಚಿಂತೆ ಮಾಡುವುದು ನನ್ನ ಪಾಲು. ಈ ಕೆಲಸವನ್ನು ನಾನು ಒಂದು ದಿನವೂ ನಾಳೆಗೆ ಉಳಿಸಿದವನಲ್ಲ. ಶಾಲೆಯಲ್ಲಿ ಪಾಠ ಮಾಡುತ್ತಿರುವಾಗ ಮನೆಯ ಬಾವಿಯ ಹಗ್ಗ ಸವೆದಿರಬಹುದೇ ಎಂದು ಯೋಚನೆ. ಮನೆಯಲ್ಲಿ ಊಟಕ್ಕೆ ಕೂತಾಗ ಶಾಲೆಯ ಬೀಗ ಹಾಕಿದೆನೋ ಇಲ್ಲವೋ ಎಂದು. ಹೀಗೆ ಚಿಲ್ಲರೆ ವ್ಯಾಪಾರದಲ್ಲಿ ಸುಖವಾಗಿದ್ದವನಿಗೆ ಮಗಳ ಮದುವೆ ಗೊತ್ತಾದಾಗ ಒಮ್ಮೆಲೇ ಸಗಟು ವ್ಯಾಪಾರ ಬಂದು ಬಿದ್ದಂತಾಯಿತು.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತು ಒಂದೆರಡು ಮಳೆಗಾಲ ಕಳೆದಿದ್ದ ಕಾಲ ಅದು. ಹುಡುಗ ತೀರ್ಥಹಳ್ಳಿ ಕಡೆಯವನು. ಮದುವೆ ಮಾಘದಲ್ಲಿ, ಸಾಗರದ ನಮ್ಮ ಮನೆಯೆದುರಿನ ಚಪ್ಪರದಲ್ಲಿ ಎಂದು ನಿಶ್ಚಯವಾಗಿತ್ತು. ಧನುರ್ಮಾಸದಲ್ಲಿ ಮದುವೆಗೆ ಕರೆಯಲು ಹೊರಡುವಂತಿಲ್ಲ. ಸಂಕ್ರಾಂತಿ ಆಗಬೇಕು, ಅದರ ಮರುದಿನದ ಕರಿಯೂ ಕಳೆಯಬೇಕು. ದೂರದವರಿಗೆ ಅಂಚೆಯಲ್ಲಿ ಲಗ್ನಪತ್ರಿಕೆ ಹೋದರೆ ಸಾಕು. ಊರೊಳಗಿನವರಿಗೆ ಅದು ಸಾಲದು. ಗಂಡ ಹೆಂಡತಿ ಇಬ್ಬರೂ ಹೋಗಿ, ಹೊಸಿಲು ದಾಟಿ, ಕುಂಕುಮ ಇಟ್ಟು, ಅಕ್ಷತೆ ಕೊಟ್ಟು, ಬಾಯಿಬಿಟ್ಟು ಕರೆಯಬೇಕು. ಬೀದಿಯಲ್ಲಿ ಸಿಕ್ಕಾಗ ಹೇಳಿದ್ದು ಕರೆದ ಲೆಕ್ಕಕ್ಕೇ ಬರುವುದಿಲ್ಲ. ಅದು ಅವಮಾನದ ಲೆಕ್ಕಕ್ಕೆ ಬರುತ್ತದೆ. ಮೊದಲ ಅಕ್ಷತೆ ದೇವರಿಗೆ. ದೇವರಾದ ಮೇಲೆ ಹುಡುಗಿಯ ಸೋದರಮಾವನಿಗೆ. ಉಳಿದವರೆಲ್ಲ ಆಮೇಲೆ.

ನನ್ನ ಚಿಂತೆಯೆಲ್ಲ ಆ ಸೋದರಮಾವನ ಹೊಸಿಲಿನಲ್ಲಿ ನಿಂತಿತ್ತು. ಅವರು ನನ್ನ ಹೆಂಡತಿಯ ಒಬ್ಬನೇ ಅಣ್ಣ, ನನಗೆ ಭಾವ, ಅವರ ಬಾಯಲ್ಲಿ ನಾನೂ ಭಾವ. ಧಾರೆಯ ಹೊತ್ತಿಗೆ ಹುಡುಗಿಯನ್ನು ಎತ್ತಿಕೊಂಡು ಮಂಟಪಕ್ಕೆ ತರಬೇಕಾದವರು. ಅವರು ಬರದಿದ್ದರೆ ಬೇರೆ ಯಾರಾದರೂ ಎತ್ತಿ ತರಬಹುದು. ಆದರೆ ಆಗ ಜನ ಹುಡುಗಿಯ ಮುಖ ನೋಡುವುದಿಲ್ಲ, ಎತ್ತಿದವರ ಮುಖ ನೋಡುತ್ತಾರೆ.

ಭಾವನದು ಪಾತ್ರೆ ಅಂಗಡಿ. ಕೊಂಡ ಪಾತ್ರೆಯ ಮೇಲೆ ಹೆಸರು ಕೊರೆದುಕೊಡುವುದರಲ್ಲಿ ಅವರ ಕೈ ಹೆಸರುವಾಸಿ. ನಾವು ಮನೆ ಕಟ್ಟಿಸಿ ಒಕ್ಕಲು ಮಾಡಿದ ವರ್ಷ ಊರು ಕರೆಯುವ ಕೆಲಸ ನಮ್ಮಪ್ಪ ವಹಿಸಿಕೊಂಡಿದ್ದರು. ಹತ್ತಿರದ ಮನೆಯಿಂದ ದೂರದ ಮನೆಗೆ ಹೋದರೆ ಕಾಲು ಉಳಿಯುತ್ತದೆ ಎಂಬುದು ಅವರ ಲೆಕ್ಕ. ಕಾಲು ಉಳಿಯಿತು. ಆದರೆ ಅವರು ಬೀದಿಯ ಕೊನೆಯಲ್ಲಿದ್ದ ಭಾವನ ಮನೆ ಮುಟ್ಟುವ ಮೊದಲೇ, ಅವರಿಂದ ಕರೆಸಿಕೊಂಡ ಒಬ್ಬರು ಭಾವನ ಅಂಗಡಿಗೆ ಹೋಗಿ, ಒಂದು ಚಂದದ ಕೊಳಗ ಆರಿಸಿ, "ಮೇಷ್ಟ್ರ ಮನೆ ಒಕ್ಲಿಗೆ, ಚಂದಾಗಿ ಹೆಸ್ರು ಹಾಕ್ಕೊಡಿ" ಎಂದುಬಿಟ್ಟಿದ್ದರು. ತಂಗಿಯ ಮನೆ ಒಕ್ಕಲಿನ ಸುದ್ದಿಯನ್ನು ಭಾವ ತಿಳಿದದ್ದು ಹಾಗೆ. ಕೊರೆದರು. ಅಕ್ಷರ ಒಂದೂ ಸೊಟ್ಟಗಾಗಿರಲಿಲ್ಲ. ಒಕ್ಕಲಿನ ದಿನ ಬಂದರು, ಬಾಗಿಲಲ್ಲಿ ನಿಂತೇ ತಂಗಿಯ ಕೈಗೆ ಸೀರೆ ಕೊಟ್ಟರು, ಎಲೆಗೆ ಕೂರದೆ ಹೋದರು. ಅಂದಿನಿಂದ ನಮ್ಮ ಹೊಸಿಲು ತುಳಿದಿರಲಿಲ್ಲ. ಆ ಕೊಳಗ ನಮ್ಮ ಅಡುಗೆಮನೆಯಲ್ಲೇ ಇತ್ತು. ನನ್ನ ಹೆಂಡತಿ ಅದರಲ್ಲಿ ಅನ್ನ ಮಾಡುತ್ತಿರಲಿಲ್ಲ. ತೊಳೆದು ತೊಳೆದು ಇಡುತ್ತಿದ್ದಳು.

ಅಪ್ಪ ಈಗಿಲ್ಲ. ಈ ಸಲ ಮೊದಲ ಕರೆ ಭಾವನಿಗೇ ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಮಾತಾಡುವುದು ಸುಲಭ. ನಡೆಯಬೇಕಾದದ್ದು ಓರೆ ಬೀದಿಯಲ್ಲಿ.

ನಮ್ಮ ಪೇಟೆಯ ಉಳಿದ ಬೀದಿಗಳೆಲ್ಲ ಚೌಕಾಬಾರದ ಮನೆಯ ಹಾಗೆ ನೇರ, ಅಡ್ಡ. ಇದೊಂದು ಮಾತ್ರ ಬಸ್‌ಸ್ಟ್ಯಾಂಡಿನ ಹತ್ತಿರ ಹೊರಟು ಎಲ್ಲವನ್ನೂ ಓರೆಯಾಗಿ ಸೀಳಿಕೊಂಡು ಆಸ್ಪತ್ರೆಯವರೆಗೆ ಹೋಗುತ್ತದೆ. ಪೇಟೆ ಹುಟ್ಟುವ ಮೊದಲು ಇದು ಗಾಡಿಜಾಡಾಗಿತ್ತಂತೆ. ಪೇಟೆ ಕಟ್ಟುವಾಗ ಎತ್ತುಗಳು ಜಾಡು ಬಿಡಲು ಒಪ್ಪಲಿಲ್ಲ ಎಂದು ಹಿರಿಯರು ತಮಾಷೆ ಮಾಡುತ್ತಿದ್ದರು. ಅಡ್ಡಬೀದಿಗಳು ಬಂದು ಸೇರುವ ಕಡೆಯಲ್ಲೆಲ್ಲ ಅಂಗಡಿಗಳು ಮೂರು ಮೂಲೆಯವು. ಅಂಥ ಅಂಗಡಿಯಲ್ಲಿ ಕೂತವರಿಗೆ ಎರಡು ಬೀದಿ ಒಟ್ಟಿಗೆ ಕಾಣುತ್ತದೆ. ಇದರ ಮೇಲೆ ಚಳಿಗಾಲದ ಇನ್ನೊಂದು ತೊಂದರೆ. ಬೇರೆ ಬೀದಿಗಳಲ್ಲಿ ಮಂಜು ಕರಗುವುದು ಹೊತ್ತೇರಿದ ಮೇಲೆ. ಓರೆ ಬೀದಿಗೆ ಮಾತ್ರ ಪುಷ್ಯದ ಎಳೆಬಿಸಿಲು ಉದ್ದಕ್ಕೂ ಬಂದು ಬೀಳುತ್ತದೆ. ಹಾಗಾಗಿ ಬೆಳಿಗ್ಗೆ ಅಲ್ಲಿ ಯಾರೂ ಅಂಗಡಿಯ ಒಳಗಿರುವುದಿಲ್ಲ. ಎಲ್ಲರೂ ಕಂಬಳಿ ಹೊದ್ದು, ಮಫ್ಲರ್ ಸುತ್ತಿ, ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿರುತ್ತಾರೆ. ನಮ್ಮ ಮನೆ ಈ ತುದಿ, ಭಾವನದು ಆ ತುದಿ, ಆಸ್ಪತ್ರೆಗೆ ಸ್ವಲ್ಪ ಈಚೆ. ನಡುವೆ ಬಿಸಿಲು ಕಾಯಿಸುವವರೆಲ್ಲರೂ ನಾವು ಮದುವೆಗೆ ಕರೆಯಲೇಬೇಕಾದವರು, ಆದರೆ ಭಾವನಿಗಿಂತ ಮೊದಲು ಕರೆಯಬಾರದವರು. ಒಬ್ಬರ ಮುಂದೆ ನಿಂತರೆ ಕರೆಯಬೇಕು. ಕರೆದರೆ ಆ ಸುದ್ದಿ ನಮಗಿಂತ ಮೊದಲು ಆ ತುದಿ ಮುಟ್ಟುತ್ತದೆ. ಕರೆಯದೆ ನಿಂತರೆ ಅವರಿಗೆ ಅವಮಾನ.

"ಹಿಂದಿನ ದಾರೀಲಿ ಹೋಗಾಣ್ವಾ?" ಎಂದು ಹೆಂಡತಿಯನ್ನು ಕೇಳಿದೆ.

"ಅದು ಸ್ಮಶಾನದ ಪಕ್ಕ ಹೋಗುತ್ತೆ. ಕುಂಕುಮ ಹಿಡ್ಕಂಡು ಅಲ್ಲಿ ಹೋಗಾದಾ?"

"ಹಾಗಾದ್ರೆ ಎಂತ ಮಾಡಾದು?"

"ನಡೆಯಾದು. ನೀವು ಯಾರ ಮುಖಾನೂ ನೋಡ್ಬೇಡಿ, ಸಾಕು. ನಿಮ್ಮ ಮುಖ ನೋಡಿದ್ರೇ ಎಲ್ಲಾ ಗೊತ್ತಾಗುತ್ತೆ."

ಅಕ್ಷತೆಯ ಬೆಳ್ಳಿಬಟ್ಟಲು ಕಂಡರೆ ಗುಟ್ಟು ಬಯಲಾಗುತ್ತದೆಂದು ಅವಳು ಅದನ್ನು ಶಾಲಿನ ಒಳಗೆ, ಹೊಟ್ಟೆಗೆ ಒತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ತುಪ್ಪ, ಕುಂಕುಮ ಕಲಸಿದ ಅಕ್ಕಿಯನ್ನು ಗೋಪುರದ ಹಾಗೆ ತುಂಬಿದ್ದಳು. ಚೆಲ್ಲಬಾರದೆಂದು ಸ್ವಲ್ಪ ಮುಂದಕ್ಕೆ ಬಗ್ಗಿ, ಸಣ್ಣ ಹೆಜ್ಜೆ ಇಡುತ್ತಾ ನಡೆದಳು. ಅದು ಹೊರಗಿನವರಿಗೆ ಹೇಗೆ ಕಾಣಬಹುದು ಎಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಾದ ಚಿಂತೆ ಹೊಳೆಯಬೇಕಾದಾಗ ಹೊಳೆಯದಿರುವುದೇ ನನ್ನ ಕಸುಬಿನ ದೊಡ್ಡ ಕೊರತೆ.

ಮೊದಲ ಮೂಲೆಯಲ್ಲೇ ಕಾಫಿ ಹೋಟೆಲು. ಅದರ ಯಜಮಾನರು ಬಾಗಿಲಲ್ಲಿ ನಿಂತು ಬಾಯಿಂದ ಹೊಗೆ ಬಿಡುತ್ತಿದ್ದರು, ಬೀಡಿಯದಲ್ಲ, ಚಳಿಯದು.

"ಎಂತ ಮೇಷ್ಟ್ರೇ, ಇಷ್ಟು ಬೇಗ ಸವಾರಿ? ಅಮ್ಮಾವ್ರೂ ಹೊರಟಿದಾರೆ! ಬನ್ನಿ, ಬಿಸಿಬಿಸಿ ಕಾಫಿ ಕುಡ್ಕಂಡು ಹೋಗಿ."

"ಇಲ್ಲ, ಆಮೇಲೆ ಬರ್ತೀನಿ."

"ಆಮೇಲೆ ಬಿಸಿ ಇರಲ್ಲ."

"ಪರವಾಗಿಲ್ಲ, ನಂಗೆ ತಣ್ಣಗಿನದೇ ಇಷ್ಟ" ಎಂದೆ. ಆ ಚಳಿಯಲ್ಲಿ! ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಪ್ಪತ್ತು ವರ್ಷದಿಂದ ನನಗೆ ಕೈ ಸುಡುವ ಕಾಫಿ ಕೊಟ್ಟವರು ಅವರು.

ಮುಂದೆ ಬಟ್ಟೆ ಅಂಗಡಿ. ಅದರ ಅಜ್ಜ ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಅವರಿಗೆ ಕಿವಿ ಮಂದ, ದನಿ ದೊಡ್ಡದು.

"ಏ ಮೇಷ್ಟ್ರೇ! ಮಗಳ ಮದುವೆ ಅಂತೆ? ಹೌದಾ ಸುಳ್ಳಾ?"

ಬೀದಿ ಪೂರ್ತಿ ನನ್ನ ಉತ್ತರಕ್ಕೆ ಕಾದಂತೆ ಅನ್ನಿಸಿತು. ಹೌದು ಎಂದರೆ ಅರ್ಧ ಕರೆದಂತೆ. ಅಲ್ಲ ಎಂದರೆ ಹೆತ್ತ ಮಗಳ ಮದುವೆಯನ್ನು ನನ್ನ ಬಾಯಿಂದಲೇ ಅಲ್ಲವೆಂದಂತೆ. ಅಸ್ತು ದೇವತೆಗಳು ಓಡಾಡುವ ಹೊತ್ತು ಬೇರೆ. "ಚಳಿ ಜೋರಾತು ಈ ವರ್ಷ!" ಎಂದು ಕೂಗಿದೆ.

"ಎಂತ? ಹಳೀದಾತಾ?"

"ಚಳಿ! ಚಳಿ!"

"ಹೌದೌದು. ವಯಸ್ಸಾತಲ್ಲ ನಿಮಗೂ."

ನಾವು ಮುಂದೆ ಸರಿದೆವು. ಬೆನ್ನ ಹಿಂದೆ ಅಜ್ಜ ಪಕ್ಕದವರಿಗೆ ಏನೋ ಹೇಳುವುದು ಕೇಳಿಸಿತು. ಸಂಬಂಧ ಮುರಿದುಬಿದ್ದಿದೆ, ಪಾಪ, ಅದಕ್ಕೇ ಮಾತು ತಪ್ಪಿಸಿದರು ಎಂದೇ ಹೇಳುತ್ತಿರಬೇಕೆಂದು ನಾನು ಊಹಿಸಿದೆ. ಆ ಸುದ್ದಿ ತೀರ್ಥಹಳ್ಳಿ ಬಸ್ಸು ಹತ್ತಿ, ಸಂಜೆಯೊಳಗೆ ಬೀಗರ ಮನೆಯ ಜಗುಲಿಯಲ್ಲಿ ಇಳಿಯುವುದನ್ನೂ ಕಂಡೆ. ಬೀಗರು ಕನ್ನಡಕ ತೆಗೆದು ಒರೆಸಿಕೊಳ್ಳುವವರೆಗೆ ನನ್ನ ಊಹೆ ಹೋಗಿತ್ತು, ಅಷ್ಟರಲ್ಲಿ ಹೆಂಡತಿ ಮೊಣಕೈಯಿಂದ ತಿವಿದಳು.

ಎದುರಿಗೆ ಬಳೆ ಮಾರುವ ಹೆಂಗಸು. ಆಗಷ್ಟೇ ಬಳೆಯ ಮಲಾರ ಬಿಚ್ಚಿ ಜಗುಲಿಯಲ್ಲಿ ಹರಡುತ್ತಿದ್ದಳು. ಮದುವೆಮನೆಗೆ ಬಂದು ಹೆಂಗಸರಿಗೆಲ್ಲ ಬಳೆ ತೊಡಿಸಬೇಕಾದವಳೂ ಅವಳೇ. ನನ್ನ ಹೆಂಡತಿಯನ್ನು ಕಂಡವಳೇ ಎದ್ದು ನಿಂತಳು.

"ಅಕ್ಕಾ, ಎಂತಾತು? ಯಾಕೆ ಹಿಂಗೆ ಬಗ್ಗಿ ನಡೀತೀರಿ? ಹೊಟ್ಟೆ ನೋವಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ನನ್ನ ಹೆಂಡತಿ ತಬ್ಬಿಬ್ಬಾಗಿ ನನ್ನ ಮುಖ ನೋಡಿದಳು. ನಾನು ಆ ಬಳೆಗಾರ್ತಿಯ ಮುಖ ನೋಡಿದೆ. ಹೊಟ್ಟೆನೋವು! ನಿಲ್ಲದೆ ಹೋಗಲು ಇಷ್ಟು ಒಳ್ಳೆಯ ಕಾರಣ ನನಗೆ ಹೊಳೆದಿರಲೇ ಇಲ್ಲ.

"ಹ್ಞೂಂ, ಸ್ವಲ್ಪ" ಎಂದೆ.

"ಅಯ್ಯೋ! ಆಸ್ಪತ್ರೆಗಾ?"

ತಲೆ ತಾನಾಗಿಯೇ ಆಡಿತು. ಆಸ್ಪತ್ರೆಯೂ ಅದೇ ದಿಕ್ಕಿನಲ್ಲಿತ್ತಲ್ಲ.

ನಾಲ್ಕು ಹೆಜ್ಜೆ ದಾಟಿದ ಮೇಲೆ ಹೆಂಡತಿ ಹಲ್ಲು ಕಚ್ಚಿ ಹೇಳಿದಳು: "ಶುಭಕಾರ್ಯಕ್ಕೆ ಹೊರಟು ಆಸ್ಪತ್ರೆ ಅಂತೀರಲ್ಲ, ನಿಮಗೆ ಎಂತ ಹೇಳಾದು!"

"ಅವಳೇ ಅಂದದ್ದು."

"ನೀವು ತಲೆ ಆಡ್ಸಿದ್ದು."

ಅಷ್ಟರಲ್ಲಿ ಹಿಂದಿನಿಂದ ಸೈಕಲ್ ಗಂಟೆ ಟ್ರಿಣ್ ಟ್ರಿಣ್ ಎಂದು ಕಿವಿಯಲ್ಲೇ ಬಡಿದಂತೆ ಬಾರಿಸಿತು. ಬಳೆ ಅಂಗಡಿಯ ಎದುರಿನ ಸೈಕಲ್ ಶಾಪಿನವನು. ಮುಳುಗಡೆಯ ಊರಿಂದ ಬಂದು ಹೊಸದಾಗಿ ಶಾಪ್ ಇಟ್ಟಿದ್ದ. ನಮ್ಮನ್ನು ಸವರಿಕೊಂಡೇ ಮುಂದೆ ಹಾರಿಹೋದ. ಹೆಂಡತಿ ಬೆಚ್ಚಿ ಪಕ್ಕಕ್ಕೆ ಸರಿದಳು, ಕಲ್ಲು ಎಡವಿದಳು, ಬಿದ್ದಳೆಂದುಕೊಂಡೆ, ಬೀಳಲಿಲ್ಲ. ಆದರೆ ಶಾಲಿನೊಳಗಿಂದ "ಅಯ್ಯೋ" ಎಂದು ಸಣ್ಣ ದನಿ ಬಂತು.

"ಚೆಲ್ತಾ?"

"ಸ್ವಲ್ಪ ಹೋತು."

ಶಾಲಿನ ಸಂದಿಯಿಂದ ನೋಡಿದೆ. ಗೋಪುರದ ಒಂದು ಪಕ್ಕ ಕುಸಿದು ಅಲ್ಲಿ ಗುಳಿ ಬಿದ್ದಿತ್ತು. ಯಾರೋ ಮೂರು ಬೆರಳಿನಲ್ಲಿ ಅಕ್ಷತೆ ತೆಗೆದುಕೊಂಡರೆ ಎಷ್ಟು ಗುಳಿ ಬೀಳಬೇಕೋ ಅಷ್ಟೇ. ಭಾವ ಮಾತು ನಂಬುವ ಮನುಷ್ಯರಲ್ಲ, ಕಣ್ಣು ನಂಬುವವರು. ಸೊಟ್ಟ ಚುಕ್ಕೆಯನ್ನು ಒಂದು ಮಾರು ದೂರದಿಂದ ಹಿಡಿಯುವ ಕಣ್ಣು. ಈ ಬಟ್ಟಲು ನೋಡಿದರೆ, ದಾರಿಯಲ್ಲಿ ಯಾರನ್ನೋ ಕರೆದೇ ಬಂದಿದ್ದಾರೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

"ಮನೆಗೆ ಹೋಗಿ ತುಂಬಿಸ್ಕಂಡು ಬರಾಣ" ಎಂದೆ.

"ಹೊರಟ ಮೇಲೆ ತಿರುಗಿ ಹೋಗಾದಾ? ಅದೂ ಮೊದಲ ಕರೆಗೆ?"

ಮುಂದೆಯೂ ಹೋಗುವಂತಿಲ್ಲ, ಹಿಂದೆಯೂ ಹೋಗುವಂತಿಲ್ಲ. ಹೋದೆವು, ಮುಂದೆಯೇ.

ಬೀದಿಯ ಆ ತುದಿ ಹತ್ತಿರವಾಗುತ್ತಿದ್ದಂತೆ ಭಾವನ ಅಂಗಡಿಯ ಸದ್ದು ಕೇಳತೊಡಗಿತು. ಪಾತ್ರೆಯ ಮೇಲೆ ಚಿಕ್ಕ ಉಳಿ ಇಟ್ಟು ಚಿಕ್ಕ ಸುತ್ತಿಗೆಯಿಂದ ತಟ್ಟುವ ಟಿಕ್ ಟಿಕ್ ಟಿಕ್. ಮಂಜಿನ ಗಾಳಿಯಲ್ಲಿ ಅದು ಬಹಳ ದೂರ ಕೇಳುತ್ತದೆ. ಆ ಸದ್ದಿನ ಲಯ ಕೇಳಿ ಅವರ ಮನಸ್ಸು ಹೇಗಿದೆ ಎಂದು ತಿಳಿಯಲು ನಾನು ಪ್ರಯತ್ನಿಸುತ್ತಿದ್ದೆ. ಒಂದು ಸಲ ಸಮಾಧಾನದಲ್ಲಿದ್ದಂತೆ ಕೇಳಿಸಿತು. ಇನ್ನೊಂದು ಸಲ ಅದೇ ಸದ್ದು ನನ್ನ ಬುರುಡೆಯ ಮೇಲೆ ಅಭ್ಯಾಸ ಮಾಡುತ್ತಿದ್ದಂತೆ ಕೇಳಿಸಿತು.

ಒಮ್ಮೆಲೇ ಸದ್ದು ನಿಂತಿತು.

ಬಿಸಿಲು ಎದುರಿಗೇ ಇದ್ದುದರಿಂದ ನನಗೆ ಮೊದಲು ಕಂಡದ್ದು ಬರೀ ನೆರಳು. ಯಾರೋ ಬೀದಿಯ ನಟ್ಟನಡುವೆ ನಮ್ಮ ಕಡೆಗೇ ಓಡಿಬರುತ್ತಿದ್ದರು. ಬನಿಯನ್ನು, ಮೇಲಕ್ಕೆ ಕಟ್ಟಿದ ಪಂಚೆ, ಬರಿಗಾಲು. ಕೈಯಲ್ಲಿ ಏನೋ ಮಿಂಚಿತು. ಸುತ್ತಿಗೆ! ಭಾವ! ನಾನು ಒಂದು ಹೆಜ್ಜೆ ಹಿಂದೆ ಸರಿದೆನೆಂದು ಹೆಂಡತಿ ಈಗಲೂ ಹೇಳುತ್ತಾಳೆ. ಅವಳ ಹಿಂದೆ ಸರಿದೆನೆಂದೂ ಸೇರಿಸುತ್ತಾಳೆ.

ಭಾವ ನನ್ನನ್ನು ನೋಡಲೇ ಇಲ್ಲ. ನೇರ ತಂಗಿಯ ಮುಂದೆ ಬಂದು ನಿಂತು, ಏದುಸಿರು ಬಿಡುತ್ತಾ ಕೇಳಿದರು:

"ಎಂತಾತೇ ನಿಂಗೆ? ಎಂತಾತು?"

"ಎಂತ ಆಗಿಲ್ವಲ್ಲ ಅಣ್ಣ."

"ಎಂತ ಆಗಿಲ್ಲ? ಹೊಟ್ಟೆ ಹಿಡ್ಕಂಡು, ಬಗ್ಗಿ ಬಗ್ಗಿ ಆಸ್ಪತ್ರೆಗೆ ಹೋಗ್ತಾ ಇದಾಳೆ ಅಂತ ಸೈಕಲ್ಲಿನವನು ಬಂದು ಕೂಗ್ದ. ಎಲ್ಲಿ ನೋವು? ಭಾವ, ನೀವಾದ್ರೂ ಬಾಯಿಬಿಡಿ! ಇವಳನ್ನ ನಡೆಸ್ಕಂಡು ಬರಾದಾ? ಒಂದು ಗಾಡಿ ಸಿಗ್ಲಿಲ್ವಾ ನಿಮ್ಗೆ?"

ನಿಜ ಹೇಳಿದರೆ ಬೀದಿಯಲ್ಲಿ ಕರೆದಂತಾಗುತ್ತದೆ. ಎಲ್ಲರಿಗಿಂತ ಕೊನೆಯಲ್ಲಿ ಕರೆಯುವುದಕ್ಕಿಂತಲೂ ಅದು ಕೆಟ್ಟದ್ದು. ಹೇಳದಿದ್ದರೆ ಅವರು ತಂಗಿಯನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡುವ ಹಾಗಿದ್ದರು. ನನ್ನ ಹೆಂಡತಿ ತಲೆ ತಗ್ಗಿಸಿ, ಬಟ್ಟಲನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಅದನ್ನು ಕಂಡು ಭಾವನಿಗೆ ಇನ್ನೂ ಗಾಬರಿ. "ನೋಡು, ಮತ್ತೆ ಹಿಡ್ಕಂತಾಳೆ" ಎಂದು ಅವಳ ಮೊಣಕೈ ಹಿಡಿದರು. ಶಾಲು ಜಾರಿತು.

ಬೆಳ್ಳಿಬಟ್ಟಲು ಬಿಸಿಲಿಗೆ ಹೊಳೆಯಿತು. ಎರಡೂ ಕಡೆಯ ಜಗುಲಿಗಳಿಂದ ಕತ್ತುಗಳು ಚಾಚಿದವು.

ಭಾವ ಬಟ್ಟಲು ನೋಡಿದರು. ಆಮೇಲೆ ನಾವು ಬಂದ ಬೀದಿಯನ್ನು, ಅದರ ಅಂಗಡಿಗಳನ್ನು, ಬಿಸಿಲು ಕಾಯಿಸುವ ಮುಖಗಳನ್ನು ನಮ್ಮ ಮನೆಯ ತುದಿಯವರೆಗೂ ನೋಡಿದರು. ಗಾಬರಿ ಇಳಿದ ಮುಖದಲ್ಲಿ ಹಳೆಯ ಬಿಗಿ ಮೆಲ್ಲಗೆ ಬಂದು ಕೂರುವುದು ನನಗೆ ಕಂಡಿತು.

"ಓಹೋ" ಎಂದರು. "ಎಷ್ಟು ಮನೆ ಆತು?"

"ಒಂದೂ ಇಲ್ಲ ಅಣ್ಣ. ದೇವರಾಣೆ ಇಲ್ಲ. ದೇವರ ಮುಂದಿಟ್ಟು ನೇರ ಬಂದಿದ್ದು."

"ಒಂದೂ ಇಲ್ವಾ? ಮತ್ತೆ ಗುಳಿ ಬಿದ್ದಿದೆ?"

ನನಗೆ ಗೊತ್ತಿತ್ತು. ಆ ಕಣ್ಣು ಅಲ್ಲಿಗೇ ಹೋಗುತ್ತದೆಂದು ನನಗೆ ಗೊತ್ತಿತ್ತು. ಸೈಕಲ್ಲು, ಗಂಟೆ, ಕಲ್ಲು ಎಂದು ನಾನು ತೊದಲಿದೆ. ಅದು ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ನನ್ನ ದನಿಯೇ ಹಾಗೆ. ನಿಜ ಹೇಳುವಾಗಲೇ ಹೆಚ್ಚು ನಡುಗುತ್ತದೆ. ಹೆಂಡತಿಯ ಕಣ್ಣಲ್ಲಿ ನೀರು ಬಂತು. ಒಂದು ಕೈಯಲ್ಲಿ ಬಟ್ಟಲು ಹಿಡಿದು ಇನ್ನೊಂದು ಕೈಯಲ್ಲಿ ಶಾಲಿನ ಒಳಮಗ್ಗುಲನ್ನು ತಿರುಗಿಸಿ ಅಣ್ಣನ ಮುಂದೆ ಹಿಡಿದಳು.

ಕಂದು ಉಣ್ಣೆಯ ತುಂಬ ಕೆಂಪು ಕಲೆ. ತುಪ್ಪದ ಅಂಟಿಗೆ ಅಕ್ಕಿಕಾಳುಗಳು ಅಲ್ಲಲ್ಲೇ ಕಚ್ಚಿಕೊಂಡಿದ್ದವು.

ಭಾವ ಅದನ್ನು ನೋಡುತ್ತಾ ನಿಂತರು. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ತಮ್ಮ ಆ ಹದವಾದ ಬೆರಳುಗಳಿಂದ ಒಂದೊಂದೇ ಕಾಳನ್ನು ಉಣ್ಣೆಯಿಂದ ಬಿಡಿಸಿ ಬಟ್ಟಲಿಗೆ ಹಾಕತೊಡಗಿದರು. ಗುಳಿ ಮುಚ್ಚಿದ ಮೇಲೆ ಬೆರಳಿನಿಂದ ಗೋಪುರದ ಮೈ ಸವರಿ ನೇರ ಮಾಡಿದರು. ನಾನು ಗಂಟಲು ಸರಿಮಾಡಿಕೊಂಡು, "ಭಾವ, ಮಗಳ ಮದುವೆ..." ಎಂದು ಶುರುಮಾಡಿದೆ.

"ಏ, ಸುಮ್ನಿರಿ ಮಾರಾಯ್ರೇ! ಬೀದೀಲಿ ಹೇಳ್ಬೇಡಿ" ಎಂದು ಗದರಿದರು. "ಮುಚ್ಕಳೇ ಶಾಲು. ನಡೀರಿ ಮನೆಗೆ."

ಮುಂದೆ ಮುಂದೆ ನಡೆದರು. ತಿರುಗಿ ನೋಡಲಿಲ್ಲ. ಸಿಟ್ಟು ಇಳಿದಿದೆಯೋ, ಮನೆಯೊಳಗೆ ಕರೆದುಕೊಂಡು ಹೋಗಿ ಬೈಯಲು ಉಳಿಸಿಕೊಂಡಿದ್ದಾರೋ ಬೆನ್ನು ನೋಡಿ ಹೇಗೆ ಹೇಳುವುದು?

ಅಂಗಡಿಯ ಹಿಂದೆಯೇ ಮನೆ. ನಮ್ಮನ್ನು ಜಗುಲಿಯಲ್ಲಿ ಬಿಟ್ಟು ಭಾವ ಒಳಗೆ ಹೋದರು. ಕಾಲು ತೊಳೆಯುವ ಸದ್ದು, ಟ್ರಂಕಿನ ಮುಚ್ಚಳದ ಸದ್ದು. ಸ್ವಲ್ಪ ಹೊತ್ತಿನಲ್ಲಿ ಇಸ್ತ್ರಿ ಮಾಡಿದ ಅಂಗಿ, ಕರಿಟೊಪ್ಪಿ ಹಾಕಿಕೊಂಡು ಬಂದು, ಚಾಪೆಯ ಮೇಲೆ ನೆಟ್ಟಗೆ ಕೂತು, ನಮ್ಮನ್ನು ಆಗಷ್ಟೇ ಕಂಡವರಂತೆ ಕೇಳಿದರು:

"ಬನ್ನಿ ಭಾವ. ಅಪರೂಪ. ಎಂತ ಬಂದದ್ದು?"

ಅವರ ಹೆಂಡತಿ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗೊತ್ತಿ ನಗುತ್ತಿದ್ದರು. ನನ್ನ ಹೆಂಡತಿ ಅತ್ತಿಗೆಗೆ ಕುಂಕುಮ ಇಟ್ಟಳು. ನಾನು ಕರೆಯುವ ಮಾತನ್ನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಆದರೂ ಮಾಘದ ಬದಲು ಪುಷ್ಯ ಎಂದೆ, ನಮ್ಮ ಮನೆಯೆದುರು ಎನ್ನುವ ಬದಲು ನಿಮ್ಮ ಮನೆಯೆದುರು ಎಂದೆ. ಭಾವ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಅಕ್ಷತೆಗೆ ಕೈಯೊಡ್ಡಿದರು. ಮೂರು ಬೆರಳು ಬಟ್ಟಲಿಗೆ ಇಳಿದವು. ಕಾಳುಗಳನ್ನು ಕಣ್ಣಿಗೆ ಒತ್ತಿ ಟೊಪ್ಪಿಯೊಳಗೆ ಹಾಕಿಕೊಂಡರು.

ಆದರೆ ಬರುತ್ತೇನೆ ಎನ್ನಲಿಲ್ಲ.

ಅವಲಕ್ಕಿ ಬಂತು, ಕಾಫಿ ಬಂತು. ಬರುತ್ತೇನೆ ಎನ್ನಲಿಲ್ಲ. ಅಡಿಕೆಯ ಮಾತಾಯಿತು, ಅಕ್ಕಿಯ ತತ್ವಾರದ ಮಾತಾಯಿತು. ನಾನು ಲೋಟ ಹಿಡಿದು ಅವರ ಬಾಯನ್ನೇ ನೋಡುತ್ತಿದ್ದೆ. ಕೊನೆಗೆ ಎದ್ದು ಹೊಸಿಲಿಗೆ ಬಂದೆವು. ಆಗ ಭಾವ ತಂಗಿಯನ್ನು ಕೇಳಿದರು:

"ಕೂಸು ಈಗ ದಪ್ಪಗಾಗಿದಾಳೇನೇ?"

"ಯಾಕಣ್ಣ?"

"ಯಾಕೆ ಅಂದ್ರೆ! ನನ್ನ ಸೊಂಟ ಮೊದಲಿನ ಹಾಂಗಿಲ್ಲ. ಮದುವೆವರೆಗೆ ಅವಳಿಗೆ ತುಪ್ಪ ಕಡಿಮೆ ಹಾಕು."

ನನ್ನ ಹೆಂಡತಿ ಹೊಸಿಲು ಹಿಡಿದುಕೊಂಡು ನಕ್ಕಳು, ಅತ್ತಳು ಕೂಡ. ಬಟ್ಟಲು ಸೊಟ್ಟಗಾಯಿತು, ಅಕ್ಷತೆ ಮತ್ತೆ ಚೆಲ್ಲಿತು, ಈ ಸಲ ಭಾವನ ಹೊಸಿಲಿನ ಮೇಲೆಯೇ. ಯಾರೂ ಎತ್ತಲಿಲ್ಲ.

ಹಿಂದಿರುಗುವಾಗ ಬಟ್ಟಲನ್ನು ಶಾಲಿನ ಹೊರಗೇ ಹಿಡಿದು, ಒಂದೊಂದು ಮನೆಯ ಹೊಸಿಲೂ ದಾಟಿದೆವು. ಹೊಟ್ಟೆನೋವು ಹೇಗಿದೆ ಎಂದು ಎಲ್ಲರೂ ಕೇಳಿದರು, ಎಲ್ಲರಿಗೂ ಅಷ್ಟರಲ್ಲಿ ವಿಷಯ ಗೊತ್ತಿತ್ತು. ಸೈಕಲ್ಲಿನವನು ಮಾತ್ರ ಪಾಪ, "ವಾಸಿಯಾತಾ ಅಮ್ಮಾ?" ಎಂದು ನಿಜವಾಗಿಯೇ ಕೇಳಿದ. ಅವನ ಮನೆಯಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ಕೂತೆವು. ಹೋಟೆಲಿನವರು ನನ್ನ ಮುಂದೆ ಒಂದು ಲೋಟ ಕಾಫಿ ಇಟ್ಟು, "ಬೆಳಿಗ್ಗೆ ನಿಮಗೆ ಅಂತಾನೇ ತಣ್ಣಗೆ ಮಾಡಿಟ್ಟಿದ್ದೆ" ಎಂದರು. ಕುಡಿಯಲೇಬೇಕಾಯಿತು.

ಆ ತುದಿಯಿಂದ ಮತ್ತೆ ಟಿಕ್ ಟಿಕ್ ಕೇಳುತ್ತಿತ್ತು. ನಾನು ಲೋಟ ಕೆಳಗಿಟ್ಟು ಹೆಂಡತಿಯ ಕಿವಿಯ ಹತ್ತಿರ ಬಾಗಿದೆ.

"ಅಲ್ಲ ಕಣೆ, ನಿಮ್ಮಣ್ಣನ ಸೊಂಟ ನಿಜವಾಗ್ಲೂ ಕೆಟ್ಟಿದ್ಯಾ? ಎತ್ಕಂಡು ಬರುವಾಗ ಮಂಟಪದ ಮೆಟ್ಲ ಹತ್ರ ಏನಾದ್ರೂ..."

"ಕಾಫಿ ಕುಡೀರಿ" ಎಂದಳು.